ಪಿಂಪ್ರಿ-ಚಿಂಚವಡದಲ್ಲಿ ಮನೆ ಮಾಡ್ತೀರಾ? ಮೊದಲು ಗುರುವಾರದ ಲೆಕ್ಕ ತಿಳಿದುಕೊಳ್ಳಿ

ವಿಜಯಪುರ, ಕಲಬುರಗಿ, ಬೀದರ, ಬಾಗಲಕೋಟೆ ಕಡೆಯಿಂದ ‘ಪುಣೆಯಲ್ಲಿ ಕೆಲಸ ಸಿಕ್ಕಿತು’ ಅಂತ ಬ್ಯಾಗು ಕಟ್ಟುವವರಲ್ಲಿ ಬಹಳ ಜನ ಬಂದಿಳಿಯುವುದು ಪಿಂಪ್ರಿ-ಚಿಂಚವಡದಲ್ಲಿ. ಪುಣೆಗೆ ಅಂಟಿಕೊಂಡೇ ಇದ್ದರೂ ಇದು ಬೇರೆ ಊರು. ಪಾಲಿಕೆ ಬೇರೆ, ಪೊಲೀಸ್ ಕಮಿಷನರ್ ಬೇರೆ, ಗಾಡಿ ನಂಬರ್ ಕೂಡ ಬೇರೆ. ಪುಣೆಯದು ಎಂಎಚ್-12, ಇಲ್ಲಿಯದು ಎಂಎಚ್-14. ಪುಣೆಯ ಕೋಥರೂಡ, ಔಂಧ್ ಕಡೆ ಒಂದು ಬೆಡ್‌ರೂಮಿಗೆ ಕೊಡುವ ಬಾಡಿಗೆಯಲ್ಲಿ ಇಲ್ಲಿನ ಕೆಲವು ಏರಿಯಾಗಳಲ್ಲಿ ಸ್ವಲ್ಪ ದೊಡ್ಡ ಮನೆಯೇ ಸಿಗುತ್ತದೆ.

ಆದರೆ ಬರೀ ಬಾಡಿಗೆ ನೋಡಿ ಬಂದರೆ ಕೈಯಲ್ಲಿ ದುಡ್ಡು ನಿಲ್ಲುವುದಿಲ್ಲ. ಈ ಊರು ಇವತ್ತಿಗೂ ಫ್ಯಾಕ್ಟರಿಯ ಗಡಿಯಾರ ನೋಡಿಯೇ ನಡೆಯುತ್ತದೆ, ವಾರದ ರಜೆಯೂ ಹೆಚ್ಚಾಗಿ ಗುರುವಾರ. ಮನೆ, ಶಾಲೆ, ಕಾಗದಪತ್ರ ಎಲ್ಲವನ್ನೂ ಅದಕ್ಕೆ ಹೊಂದಿಸಿಕೊಂಡವರಿಗೆ ಊರು ಅಗ್ಗ. ಹೊಂದಿಸಿಕೊಳ್ಳದವರ ಪಗಾರ ರಿಕ್ಷಾಕ್ಕೆ, ಟ್ಯಾಂಕರ್‌ಗೆ, ಸುಮ್ನೆ ಹಾಕಿದ ರಜೆಗೆ ಹೋಗುತ್ತದೆ.

ಊರು ಬೆಳೆದ ಕಥೆ ಸ್ವಲ್ಪ ಗೊತ್ತಿದ್ದರೆ ಏರಿಯಾಗಳು ಬೇಗ ಅರ್ಥವಾಗುತ್ತವೆ. 1954ರಲ್ಲಿ ಕೇಂದ್ರ ಸರ್ಕಾರದ ಔಷಧ ಕಾರ್ಖಾನೆ ಹಿಂದೂಸ್ತಾನ್ ಆಂಟಿಬಯೋಟಿಕ್ಸ್ ಪಿಂಪ್ರಿಯಲ್ಲಿ ಶುರುವಾಯಿತು. 60ರ ದಶಕದಲ್ಲಿ ಎಂಐಡಿಸಿ, ಅಂದರೆ ಮಹಾರಾಷ್ಟ್ರ ಸರ್ಕಾರದ ಕೈಗಾರಿಕಾ ಅಭಿವೃದ್ಧಿ ನಿಗಮ, ಜಮೀನು ಹಿಡಿದು ಪ್ಲಾಟು ಹಾಕಿತು. ಟೆಲ್ಕೊ ಬಂತು, ಅದೇ ಈಗಿನ ಟಾಟಾ ಮೋಟರ್ಸ್. ಆಕುರ್ಡಿಗೆ ಬಜಾಜ್ ಬಂತು. ಇವರಿಗೆಲ್ಲ ಬುಶ್, ಗೇರ್, ಬ್ರಾಕೆಟ್‌ನಂಥ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪ್‌ಗಳು ಭೋಸರಿ ತುಂಬ ಹುಟ್ಟಿಕೊಂಡವು. 1982ರಲ್ಲಿ ಮಹಾನಗರ ಪಾಲಿಕೆಯಾಯಿತು. 2011ರ ಜನಗಣತಿಯಲ್ಲೇ ಜನಸಂಖ್ಯೆ 17 ಲಕ್ಷ ದಾಟಿತ್ತು.

ದೇಶ ವಿಭಜನೆಯ ನಂತರ ಬಂದ ಸಿಂಧಿಗಳು ಪಿಂಪ್ರಿ ಕ್ಯಾಂಪಿನಲ್ಲಿ ಅಂಗಡಿ ಇಟ್ಟರು. ಕಾರ್ಖಾನೆಗಳಿಗಾಗಿ ಮರಾಠವಾಡಾ, ಖಾನದೇಶ, ವಿದರ್ಭ, ಕೇರಳ, ಬಿಹಾರ, ಉತ್ತರ ಪ್ರದೇಶದವರು ಬಂದರು. ನಮ್ಮವರೂ ಬಂದರು. ಪಕ್ಕದ ಮನೆಯವರು ಸೋಲಾಪುರ, ಅಕ್ಕಲಕೋಟ, ಜತ್ತ ಕಡೆಯವರಾದರೆ ಒಮ್ಮೆ ಕನ್ನಡದಲ್ಲಿ ಮಾತಾಡಿಸಿ ನೋಡಿ. ಹೊರಗೆ ಪಕ್ಕಾ ಮರಾಠಿ ಆಡುವ ಕಾಕು ಮನೆಯೊಳಗೆ ಅಚ್ಚ ಕನ್ನಡದಲ್ಲಿ ಬೈಯುವುದನ್ನು ಇಲ್ಲಿ ಬೇಕಾದಷ್ಟು ಕೇಳಬಹುದು.

ಕೆಲಸದ ಕಾಗದ ಕೈಗೆ ಬರಲಿ

ಮನೆ ಹುಡುಕುವ ಮೊದಲು ಕೆಲಸ ಯಾವ ಗೇಟಿನಲ್ಲಿ ಅಂತ ಖಚಿತವಾಗಬೇಕು. ಐಟಿಐ, ಡಿಪ್ಲೊಮಾ ಮುಗಿಸಿ ಬರುವ ಹುಡುಗರಿಗೆ ಮೊದಲು ಸಿಗುವುದು ಹೆಚ್ಚಾಗಿ ಠೇಕೇದಾರನ ಕೆಳಗಿನ ಕೆಲಸ. ಬೋರ್ಡಿನಲ್ಲಿ ದೊಡ್ಡ ಕಂಪನಿಯ ಹೆಸರು ಇರುತ್ತದೆ, ಪಗಾರ ಕೊಡುವವನು ಬೇರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ನಾಲ್ಕು ವಿಷಯ ಕೇಳಿಕೊಳ್ಳಿ: ಪಗಾರ ಚೀಟಿ ಕೊಡುತ್ತೀರಾ, ಪಿಎಫ್‌ನ ಯುಎಎನ್ ನಂಬರ್ ಯಾವಾಗ ಸಿಗುತ್ತದೆ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಇದೆಯಾ, ವಾರದ ರಜೆ ಯಾವತ್ತು.

ಈಗಿನ ನಿಯಮದಲ್ಲಿ ತಿಂಗಳಿಗೆ 21,000 ರೂಪಾಯಿವರೆಗೆ ಪಗಾರ ಇದ್ದವರಿಗೆ ಇಎಸ್‌ಐ ಇದೆ. ನಿಮ್ಮ ಪಗಾರದಿಂದ ಕಡಿಯುವುದು ಶೇ. 0.75, ಕಂಪನಿ ತುಂಬುವುದು ಶೇ. 3.25. ಅಷ್ಟು ಸಣ್ಣ ಕಡಿತಕ್ಕೆ ಮನೆಮಂದಿಗೆಲ್ಲ ಚಿಕಿತ್ಸೆ. ಚಿಂಚವಡದ ಮೋಹನನಗರದಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. ‘ಇಎಸ್‌ಐ ಬೇಡ ಅಂದರೆ ಕೈಗೆ ಜಾಸ್ತಿ ಬರುತ್ತದೆ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಪ್ರೆಂಟಿಸ್ ಆಗಿ ಸೇರಿದರೆ ಮಾತ್ರ ಲೆಕ್ಕ ಬೇರೆ. ಅಲ್ಲಿ ಸಿಗುವುದು ಸ್ಟೈಪೆಂಡ್. ಪಿಎಫ್, ಇಎಸ್‌ಐ ಇರುವುದಿಲ್ಲ.

‘ರಜಿಸ್ಟ್ರೇಷನ್ ಫೀ ಕಟ್ಟಿ, ನಾಳೆಯೇ ಜಾಯ್ನಿಂಗ್’ ಅನ್ನುವ ಕನ್ಸಲ್ಟೆನ್ಸಿಗಳು ರೈಲ್ವೆ ಸ್ಟೇಷನ್ ಸುತ್ತಮುತ್ತ ಕಾದು ಕುಳಿತಿರುತ್ತವೆ. ಕೆಲಸ ಕೊಡಲು ದುಡ್ಡು ಕೇಳುವ ಕಡೆ ನಿಲ್ಲಲೇಬೇಡಿ. ಊರವರೊಬ್ಬರ ಪರಿಚಯ ಹಿಡಿದು, ಬೆಳಿಗ್ಗೆ ಬಯೋಡೇಟಾ ಮತ್ತು ಆಧಾರ್ ಝೆರಾಕ್ಸ್ ಹಿಡಿದುಕೊಂಡು ಭೋಸರಿ ಎಂಐಡಿಸಿಯ ಗೇಟುಗಳನ್ನು ಸುತ್ತುವುದೇ ವಾಸಿ. ಸಿಎನ್‌ಸಿ, ವಿಎಂಸಿ (ಕಂಪ್ಯೂಟರ್ ಹಿಡಿತದ ಯಂತ್ರ) ಆಪರೇಟರ್ ಬೇಕು ಅಂತ ಗೇಟಿನ ಮೇಲೇ ಕಾಗದ ಅಂಟಿಸಿರುತ್ತಾರೆ.

ಗುರುವಾರ ಅಂದರೆ ಏನು

ಪಿಂಪ್ರಿ, ಚಿಂಚವಡ, ಭೋಸರಿ, ಚಾಕಣದ ಬಹುತೇಕ ಕಾರ್ಖಾನೆಗಳಿಗೆ ವಾರದ ರಜೆ ಗುರುವಾರ. ಭಾನುವಾರ ಮಾಮೂಲಿ ಡ್ಯೂಟಿ. ಕಾರ್ಖಾನೆಗಳು ಬಂದ್ ಇರುವ ದಿನ ನೋಡಿ ಮಹಾವಿತರಣ, ಅಂದರೆ ಇಲ್ಲಿನ ಹೆಸ್ಕಾಂ ಅಂದುಕೊಳ್ಳಿ, ಲೈನ್ ರಿಪೇರಿ ಇಟ್ಟುಕೊಳ್ಳುತ್ತದೆ. ಹಾಗಾಗಿ ಕರೆಂಟು ತೆಗೆಯುವುದೂ ಹೆಚ್ಚಾಗಿ ಗುರುವಾರವೇ.

ಹೊಸದಾಗಿ ಬಂದವರಿಗೆ ಇದು ಕಿರಿಕಿರಿ. ಗಂಡನಿಗೆ ಗುರುವಾರ ರಜೆ, ಮಕ್ಕಳಿಗೆ ಭಾನುವಾರ. ಹೆಂಡತಿ ಹಿಂಜವಡಿಯ ಐಟಿ ಕಂಪನಿಯಲ್ಲಿದ್ದರೆ ಶನಿವಾರ, ಭಾನುವಾರ. ಮೂವರೂ ಒಟ್ಟಿಗೆ ಕೂತು ಊಟ ಮಾಡಬೇಕಾದರೆ ಹಬ್ಬವೇ ಬರಬೇಕು. ಮದುವೆ, ಗೃಹಪ್ರವೇಶದ ಕರೆಗಳಂತೂ ಭಾನುವಾರಕ್ಕೇ ಬರುತ್ತವೆ. ಮನೆಯಲ್ಲಿ ಇದನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಆದರೆ ಇದರಲ್ಲಿ ಒಂದು ದೊಡ್ಡ ಲಾಭವಿದೆ. ನಿಮ್ಮ ರಜೆಯ ದಿನ ಬ್ಯಾಂಕು, ಆರ್‌ಟಿಒ, ಪಾಲಿಕೆ ಕಚೇರಿ, ಪಿಎಫ್ ಆಫೀಸು ಎಲ್ಲವೂ ತೆರೆದಿರುತ್ತವೆ. ಬೇರೆ ಊರಲ್ಲಿ ಆಧಾರ್ ವಿಳಾಸ ಬದಲಿಸಲು ಒಂದು ದಿನದ ಪಗಾರ ಕಳೆದುಕೊಳ್ಳಬೇಕು. ಇಲ್ಲಿ ಹಾಗಿಲ್ಲ. ಮನೆ ಅಗ್ರಿಮೆಂಟ್, ಗ್ಯಾಸ್, ಶಾಲೆಯ ದಾಖಲಾತಿ ಎಲ್ಲವನ್ನೂ ಗುರುವಾರಗಳಿಗೇ ಹಂಚಿಕೊಂಡರೆ ರಜೆ ಹಾಕದೆ ಮುಗಿಯುತ್ತದೆ. ಕರೆಂಟು ಇಲ್ಲ ಅಂತ ಸೇವಾ ಕೇಂದ್ರದವನು ಕೈಚೆಲ್ಲಬಹುದು, ಅದಕ್ಕೇ ಹೋಗುವ ಮೊದಲು ಒಂದು ಫೋನ್ ಮಾಡಿ.

ಏರಿಯಾ ಆರಿಸುವುದು

ನಿಮ್ಮ ಕಂಪನಿಯ ಬಸ್ಸು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಕೇಳಿ, ಆ ನಿಲುಗಡೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಮನೆ ನೋಡಿ. ಎಷ್ಟೋ ಕಂಪನಿಗಳಲ್ಲಿ ಸೆಕೆಂಡ್ ಶಿಫ್ಟ್ ಮುಗಿಯುವುದು ನಡುರಾತ್ರಿಗೆ. ಆ ಹೊತ್ತಿಗೆ ಮೆಟ್ರೋ ಇಲ್ಲ, ಪಿಎಂಪಿಎಂಎಲ್ ಸಿಟಿ ಬಸ್ಸು ಸಿಗುವ ನಂಬಿಕೆಯಿಲ್ಲ, ರಿಕ್ಷಾದವನು ಕೇಳಿದ್ದೇ ರೇಟು. ಬಾಡಿಗೆಯಲ್ಲಿ ಎರಡು ಸಾವಿರ ಉಳಿಸಿ ದೂರ ಹೋದವರು ಅದನ್ನು ರಿಕ್ಷಾದಲ್ಲೇ ಕಳೆಯುತ್ತಾರೆ.

ಚಾಕಣದಲ್ಲಿ ಕೆಲಸವಾದರೆ ಭೋಸರಿ ಅಥವಾ ಮೋಶಿ. ಅಲ್ಲಿಗೆ ರೈಲೂ ಇಲ್ಲ, ಮೆಟ್ರೋ ಕೂಡ ಇಲ್ಲ. ನಾಸಿಕ್ ಹೈವೇ ಒಂದೇ ಗತಿ, ಅದು ಬೆಳಿಗ್ಗೆ ಸಂಜೆ ಜಾಮ್. ಮೋಶಿಯಲ್ಲಿ ಮನೆ ನೋಡುವಾಗ ಒಂದು ಎಚ್ಚರಿಕೆ: ಇಡೀ ಊರಿನ ಕಸದ ಡಿಪೋ ಅಲ್ಲಿದೆ. ಗಾಳಿ ಬೀಸುವ ಸಂಜೆ ಹೊತ್ತಿನಲ್ಲಿ ಹೋಗಿ, ಬಾಲ್ಕನಿಯಲ್ಲಿ ಹತ್ತು ನಿಮಿಷ ನಿಲ್ಲಿ. ಬ್ರೋಕರ್ ಬೆಳಿಗ್ಗೆಯೇ ಬನ್ನಿ ಅಂತ ಒತ್ತಾಯಿಸಿದರೆ ಕಾರಣ ನಿಮಗೆ ಗೊತ್ತಾಯಿತಲ್ವಾ.

ತಳವಡೆ, ಚಿಖಲಿ ಕಡೆಯ ಕಂಪನಿಗಳಿಗೆ ಆಕುರ್ಡಿ, ನಿಗಡಿ ಹತ್ತಿರ. ನಿಗಡಿಯ ಪ್ರಾಧಿಕರಣ ಸೆಕ್ಟರ್ ಹಾಕಿ ಕಟ್ಟಿದ ಬಡಾವಣೆ. 1972ರಲ್ಲಿ ಬಂದ ನವನಗರ ಪ್ರಾಧಿಕಾರದ ಕೆಲಸ ಅದು. ಅಗಲ ರಸ್ತೆ, ಮರ, ನೆಮ್ಮದಿ ಎಲ್ಲ ಇದೆ, ಬಾಡಿಗೆಯೂ ಹಾಗೇ ಇದೆ. ಹಿಂಜವಡಿಗೆ ಹೋಗುವವರು ವಾಕಡ ಅಂತ ಮುಗಿಬೀಳುತ್ತಾರೆ. ಅದರ ಬದಲು ಥೇರಗಾಂವ, ಕಾಳೇವಾಡಿ ನೋಡಿ, ಸ್ವಲ್ಪ ಇಕ್ಕಟ್ಟು, ಆದರೆ ಬಾಡಿಗೆ ಇಳಿಯುತ್ತದೆ. ಮೊರಯಾ ಗೋಸಾವಿ ದೇವಸ್ಥಾನದ ಸುತ್ತಲಿನ ಹಳೆ ಚಿಂಚವಡಗಾಂವ ನನ್ನ ಪಾಲಿಗೆ ಎಲ್ಲಕ್ಕಿಂತ ಚೆಂದ. ಮಾರ್ಕೆಟ್ಟು, ದವಾಖಾನೆ ಎಲ್ಲ ಕಾಲಳತೆಯಲ್ಲಿವೆ. ಕಾರಿದ್ದರೆ ಮಾತ್ರ ಅದನ್ನು ಎಲ್ಲಿ ನಿಲ್ಲಿಸುವುದು ಅನ್ನುವುದೇ ಚಿಂತೆ.

ಮೊದಲು ಕಾಟ್, ಆಮೇಲೆ ಮನೆ

ಒಬ್ಬರೇ ಬರುವುದಾದರೆ ಬಂದ ಕೂಡಲೇ ಫ್ಲ್ಯಾಟ್ ಹಿಡಿಯಬೇಡಿ. ಲೈಟಿನ ಕಂಬ, ಟಪರಿ, ಝೆರಾಕ್ಸ್ ಅಂಗಡಿಗಳ ಮೇಲೆ ‘ಕಾಟ್ ಬೇಸಿಸ್’ ಅಂತ ಚೀಟಿ ಅಂಟಿಸಿರುತ್ತಾರೆ. ಒಂದು ರೂಮಿನಲ್ಲಿ ನಾಲ್ಕೈದು ಮಂಚ, ನಿಮ್ಮ ಪಾಲಿಗೆ ಒಂದು ಮಂಚ, ಒಂದು ಕಪಾಟು. ಇಲ್ಲಿ ನೋಡಬೇಕಾದದ್ದು ಮಂಚಕ್ಕಿಂತ ಉಳಿದವರ ಶಿಫ್ಟು. ನೈಟ್ ಶಿಫ್ಟ್ ಮಾಡಿ ಬಂದವನು ಹಗಲು ಮಲಗಿರುವ ರೂಮಿನಲ್ಲಿ ಸೆಕೆಂಡ್ ಶಿಫ್ಟಿನವನು ಬೆಳಿಗ್ಗೆ ಕುಕ್ಕರ್ ಇಟ್ಟರೆ ಜಗಳ ಗ್ಯಾರಂಟಿ. ಕಿಟಕಿಗೆ ಕಪ್ಪು ಪರದೆ ಹಾಕಿದ ರೂಮು ಕಂಡರೆ ಅಲ್ಲಿ ನಿದ್ದೆಗೆ ಬೆಲೆ ಕೊಡುವವರು ಇದ್ದಾರೆ ಅಂತ ತಿಳಿಯಿರಿ.

ಊಟಕ್ಕೆ ಖಾನಾವಳಿ, ಮೆಸ್ಸು ಎಲ್ಲ ಕಡೆ ಇವೆ. ತಿಂಗಳ ದುಡ್ಡು ಕಟ್ಟುವ ಮೊದಲು ಎರಡು ಊಟ ಬಿಡಿಯಾಗಿ ಉಂಡು ನೋಡಿ. ಚಪಾತಿಯ ಬದಲು ಭಾಕರಿ ಕೊಡುತ್ತೀರಾ ಅಂತ ಕೇಳಿದರೆ ಬಹಳ ಕಡೆ ಕೊಡುತ್ತಾರೆ. ಮನೆಯಲ್ಲೇ ರೊಟ್ಟಿ ಬಡಿಯುವವರಿಗೆ ಸೋಲಾಪುರ ಕಡೆಯ ಮಾಲದಂಡಿ ಜೋಳ ಪಿಂಪ್ರಿ ಮಾರ್ಕೆಟ್ಟಿನಲ್ಲಿ ಸಿಗುತ್ತದೆ, ಊರಿಂದ ಚೀಲ ಹೊತ್ತು ತರಬೇಕಿಲ್ಲ. ರೇಷನ್ ಕಾರ್ಡ್ ಕರ್ನಾಟಕದ್ದೇ ಇದ್ದರೂ ‘ಒಂದು ದೇಶ ಒಂದು ರೇಷನ್ ಕಾರ್ಡ್’ ಯೋಜನೆಯಲ್ಲಿ ಕೇಂದ್ರದ ಪಾಲಿನ ಧಾನ್ಯವನ್ನು ಇಲ್ಲಿನ ಅಂಗಡಿಯಲ್ಲಿ ಬೆರಳು ಕೊಟ್ಟು ಪಡೆಯಬಹುದು. ಆಧಾರ್ ಜೋಡಣೆ ಆಗಿರಬೇಕು, ಅಷ್ಟೇ.

ಅಗ್ರಿಮೆಂಟ್: ಇಲ್ಲಿ ಜಾಣರಾಗಿ

ಮನೆಮಂದಿಯನ್ನು ಕರೆತರುವ ಹೊತ್ತಿಗೆ ಬಾಡಿಗೆ ಕರಾರು ಬೇಕೇ ಬೇಕು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ನೋಡಿ ಹೆದರಿದವರಿಗೆ ಇಲ್ಲಿ ಸಮಾಧಾನ. ಸಾಮಾನ್ಯವಾಗಿ ಎರಡು ಮೂರು ತಿಂಗಳ ಬಾಡಿಗೆಯಷ್ಟು ಡಿಪಾಸಿಟ್ ಕೇಳುತ್ತಾರೆ. ಬ್ರೋಕರ್ ಬಂದರೆ ಅವನಿಗೆ ಒಂದು ತಿಂಗಳದ್ದು.

ಮಹಾರಾಷ್ಟ್ರದಲ್ಲಿ ಈ ಕರಾರಿಗೆ ‘ಲೀವ್ ಅಂಡ್ ಲೈಸೆನ್ಸ್’ ಅನ್ನುತ್ತಾರೆ. ನಮ್ಮ ಕಡೆ 11 ತಿಂಗಳಿಗೆ ಬಾಂಡ್ ಪೇಪರಿನಲ್ಲಿ ಬರೆದು ನೋಟರಿ ಮಾಡಿಸಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಇಲ್ಲಿ ಅದು ನಡೆಯುವುದಿಲ್ಲ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ 11 ತಿಂಗಳದ್ದಾದರೂ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ನೋಂದಣಿ ಮಾಡಿಸುವ ಹೊಣೆ ಮನೆ ಮಾಲೀಕರದ್ದು. ನೋಂದಣಿ ಇಲ್ಲದೆ ವ್ಯಾಜ್ಯ ಎದ್ದರೆ, ಬೇರೆ ಸಾಕ್ಷಿ ಬರುವ ತನಕ ಬಾಡಿಗೆದಾರ ಹೇಳಿದ ಷರತ್ತೇ ನಿಜ ಅಂತ ಕಾಯ್ದೆ ಹಿಡಿಯುತ್ತದೆ. ‘ನೋಟರಿ ಸಾಕು ಬಿಡಿ’ ಅನ್ನುವ ಮಾಲೀಕರಿಗೆ ಇದನ್ನು ವಿನಯವಾಗಿ ಹೇಳಿ. ನಷ್ಟ ಅವರಿಗೇ.

ಖರ್ಚು ಎಷ್ಟು? ಒಂದು ಲೆಕ್ಕ ಹಾಕಿ ನೋಡೋಣ. ಬಾಡಿಗೆ 12,000, ಡಿಪಾಸಿಟ್ 30,000, ಅವಧಿ 11 ತಿಂಗಳು. ಒಟ್ಟು ಬಾಡಿಗೆ 1,32,000. ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರಂತೆ ಬಡ್ಡಿ ಹಿಡಿದರೆ 11 ತಿಂಗಳಿಗೆ 2,750. ಎರಡೂ ಸೇರಿ 1,34,750. ಇದರ ಶೇ. 0.25 ಸ್ಟ್ಯಾಂಪ್ ಡ್ಯೂಟಿ, ಅಂದರೆ 340 ರೂಪಾಯಿಯ ಆಸುಪಾಸು. ಪಾಲಿಕೆ ಹದ್ದಿನಲ್ಲಿ ನೋಂದಣಿ ಫೀ 1,000. ಏಜೆಂಟ್ ಹೇಳುವ ರೇಟಿನಲ್ಲಿ ಇದಕ್ಕಿಂತ ಮೇಲಿರುವುದೆಲ್ಲ ಹೆಚ್ಚುಕಮ್ಮಿ ಅವನ ಓಡಾಟದ್ದು. ಅವನು ಬೆರಳಚ್ಚಿನ ಯಂತ್ರ, ಲ್ಯಾಪ್‌ಟಾಪ್ ಹಿಡಿದು ಮನೆಗೇ ಬರುತ್ತಾನೆ. ಮಾಲೀಕರದ್ದು, ನಿಮ್ಮದು, ಇಬ್ಬರು ಸಾಕ್ಷಿಗಳದ್ದು ಆಧಾರ್ ಮತ್ತು ಹೆಬ್ಬೆಟ್ಟು ಬೇಕು. ವರ್ಷಗಟ್ಟಲೆ ಲೇಥ್ ಮುಂದೆ ನಿಂತವರ ಬೆರಳ ಗೆರೆ ಸವೆದಿರುತ್ತವೆ, ಯಂತ್ರ ಹಿಡಿಯುವುದೇ ಇಲ್ಲ. ಹಿಂದಿನ ರಾತ್ರಿ ಕೈಗೆ ಸ್ವಲ್ಪ ಕೊಬ್ಬರಿ ಎಣ್ಣೆ ತಿಕ್ಕಿಕೊಂಡು ಮಲಗಿ, ಬೆಳಿಗ್ಗೆ ಸೋಪಿನಲ್ಲಿ ತೊಳೆದು ಒರೆಸಿಕೊಳ್ಳಿ. ಕೆಲಸ ಆಗುವುದುಂಟು.

ಕರಾರಿನ ಖರ್ಚು ಯಾರು ಎಷ್ಟು ಕೊಡಬೇಕು, ಬಿಡುವಾಗ ಪೇಂಟಿಂಗ್ ಅಂತ ಎಷ್ಟು ಕಡಿಯುತ್ತಾರೆ, ಸೊಸೈಟಿ ಮೆಂಟೆನೆನ್ಸ್ ಯಾರದ್ದು, ಇವನ್ನು ಬರಹದಲ್ಲೇ ಹಾಕಿಸಿ. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಟ್ಟ ಪ್ರತಿಯನ್ನೂ ಇಟ್ಟುಕೊಳ್ಳಿ. ಗ್ಯಾಸ್, ಬ್ಯಾಂಕು, ಶಾಲೆ ಎಲ್ಲ ಕಡೆ ಕೇಳುವುದು ಇದೇ ನೋಂದಾಯಿತ ಕರಾರನ್ನು.

ನೀರು

ಪವನಾ ಅಣೆಕಟ್ಟು ತುಂಬಿದ್ದರೂ ನಲ್ಲಿ ನೀರು ದಿನ ಬಿಟ್ಟು ದಿನ. 2019ರ ನವೆಂಬರ್‌ನಿಂದ ಪಾಲಿಕೆ ಹೀಗೆ ಬಿಡಲು ಶುರು ಮಾಡಿತು. ಜನ ಹೆಚ್ಚಿದರು, ನೀರು ಎತ್ತಿ ಶುದ್ಧ ಮಾಡುವ ವ್ಯವಸ್ಥೆ ಅಷ್ಟು ಹೆಚ್ಚಲಿಲ್ಲ. ಮನೆ ನೋಡುವಾಗ ಮಾಲೀಕರನ್ನು ಕೇಳಬೇಡಿ, ವಾಚ್‌ಮನ್‌ನನ್ನು ಕೇಳಿ: ಏಪ್ರಿಲ್, ಮೇನಲ್ಲಿ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ? ಅವನು ನಕ್ಕರೆ ಆ ಸೊಸೈಟಿ ಬಿಡಿ. ಟ್ಯಾಂಕರ್ ದುಡ್ಡು ಸುತ್ತಿ ಬಳಸಿ ಮೆಂಟೆನೆನ್ಸ್‌ನಲ್ಲೇ ಸೇರಿಕೊಳ್ಳುತ್ತದೆ. ಪಾಲಿಕೆಗೆ ದೂರು ಹೇಳಲು ‘ಸಾರಥಿ’ ಸಹಾಯವಾಣಿ ಇದೆ, ನಂಬರ್ 8888006666. ದೂರಿನ ಟೋಕನ್ ಸಂಖ್ಯೆ ಬರೆದಿಟ್ಟುಕೊಂಡರೆ ಮತ್ತೆ ಕೇಳಲು ಅನುಕೂಲ.

ಓಡಾಟ

ಮೆಟ್ರೋ ಪಿಂಪ್ರಿಯ ಪಿಸಿಎಂಸಿ (ಇಲ್ಲಿನ ಪಾಲಿಕೆಯ ಹೆಸರು) ಸ್ಟೇಷನ್‌ನಿಂದ ಪುಣೆಯ ಸ್ವಾರಗೇಟ್‌ವರೆಗೆ ಓಡುತ್ತದೆ. ಮೊದಲ ತುಂಡು 2022ರ ಮಾರ್ಚ್‌ನಲ್ಲಿ ತೆರೆಯಿತು, ಸ್ವಾರಗೇಟ್ ತಲುಪಿದ್ದು 2024ರ ಸೆಪ್ಟೆಂಬರ್‌ನಲ್ಲಿ. ಪುಣೆ ರೈಲ್ವೆ ಸ್ಟೇಷನ್‌ಗೆ ಹೋಗಬೇಕಾದರೆ ಸಿವಿಲ್ ಕೋರ್ಟ್‌ನಲ್ಲಿ ಗಾಡಿ ಬದಲಿಸಿ. ಶುರುವಿನಲ್ಲಿ ‘ಭೋಸರಿ’ ಅಂತ ಹೆಸರಿಟ್ಟ ಸ್ಟೇಷನ್ ಇರುವುದು ನಾಸಿಕ್ ಫಾಟಾದಲ್ಲಿ. ಭೋಸರಿ ಊರು ಅಲ್ಲಿಂದ ಮತ್ತೆ ರಿಕ್ಷಾ ಹತ್ತುವಷ್ಟು ದೂರ. ‘ಭೋಸರಿ ಮೆಟ್ರೋ ಪಕ್ಕದಲ್ಲೇ ಮನೆ’ ಅನ್ನುವ ಜಾಹೀರಾತು ಕಂಡರೆ ಮ್ಯಾಪ್ ತೆಗೆದು ನೋಡಿ.

ಪುಣೆ-ಲೋಣಾವಳಾ ಲೋಕಲ್ ರೈಲು ಇನ್ನೂ ಅಗ್ಗ. ದಾಪೋಡಿ, ಕಾಸರವಾಡಿ, ಪಿಂಪ್ರಿ, ಚಿಂಚವಡ, ಆಕುರ್ಡಿ, ದೇಹೂರೋಡ್, ತಳೇಗಾಂವ, ಎಲ್ಲ ಕಡೆ ನಿಲ್ಲುತ್ತದೆ. ಮಧ್ಯಾಹ್ನದ ಹೊತ್ತು ಗಾಡಿ ಕಡಿಮೆ. ಆಷಾಢದ ವಾರಿಗೆ, ಅಂದರೆ ಪಂಢರಪುರದ ಪಾದಯಾತ್ರೆಗೆ, ದೇಹುವಿನಿಂದ ಹೊರಟ ತುಕಾರಾಮ ಮಹಾರಾಜರ ಪಾಲಖಿ ಆಕುರ್ಡಿಯಲ್ಲಿ ತಂಗುತ್ತದೆ. ಆಗ ಹಳೆ ಮುಂಬೈ-ಪುಣೆ ರಸ್ತೆ ಬಂದ್ ಆಗುತ್ತದೆ. ಆ ಎರಡು ದಿನ ಲೋಕಲ್ ಇಲ್ಲವೇ ಕಾಲ್ನಡಿಗೆ.

ಶಾಲೆ, ದವಾಖಾನೆ, ಗಾಡಿ

ಮಹಾರಾಷ್ಟ್ರದಲ್ಲಿ 2020ರ ಕಾಯ್ದೆಯ ನಂತರ ಎಲ್ಲ ಬೋರ್ಡಿನ ಶಾಲೆಗಳಲ್ಲೂ ಮರಾಠಿ ಕಡ್ಡಾಯ. ಸಣ್ಣ ಮಕ್ಕಳಿಗೆ ತೊಂದರೆಯಿಲ್ಲ, ಆರು ತಿಂಗಳಲ್ಲಿ ನಿಮಗೇ ಕಲಿಸುತ್ತಾರೆ. ಏಳು, ಎಂಟನೇ ತರಗತಿಯ ಮಕ್ಕಳನ್ನು ನಡುವೆ ಕರೆತರುವುದಾದರೆ ಮಾತ್ರ ಬರುವ ಮೊದಲಿನ ಬೇಸಿಗೆಯಲ್ಲೇ ಅಕ್ಷರ ಕಲಿಸಿಬಿಡಿ. ಹಿಂದಿ ಓದಲು ಬರುತ್ತಿದ್ದರೆ ಲಿಪಿ ಹೊಸದಲ್ಲ. ಕನ್ನಡದ ನಂಟು ಬೇಕೆಂದರೆ ಪುಣೆಯ ಗಣೇಶನಗರದಲ್ಲಿ ಕನ್ನಡ ಸಂಘವಿದೆ, ಅದರದ್ದೇ ಶಾಲೆಗಳೂ ಇವೆ. ಚಿಂಚವಡದಿಂದ ಮಕ್ಕಳನ್ನು ದಿನಾ ಕಳಿಸಲು ದೂರವಾಗುತ್ತದೆ, ಆದರೆ ಕಾರ್ಯಕ್ರಮಗಳಿಗೆ ಹೋಗಿಬರಬಹುದು.

ಪಿಂಪ್ರಿಯ ಸಂತ ತುಕಾರಾಮನಗರದಲ್ಲಿ ಪಾಲಿಕೆಯ ವೈಸಿಎಂ ಆಸ್ಪತ್ರೆ ಇದೆ. ಗದ್ದಲ ಇರುತ್ತದೆ, ಕಾಯಬೇಕು. ಆದರೆ ಆಕ್ಸಿಡೆಂಟ್, ಹೆರಿಗೆ, ಹಾವು ಕಡಿತದಂಥದ್ದಕ್ಕೆ ಈ ಭಾಗದ ಬಡವರು ಓಡುವುದು ಅಲ್ಲಿಗೇ.

ಊರಿನ ಕೆಎ ಗಾಡಿ ತಂದರೆ 12 ತಿಂಗಳೊಳಗೆ ಇಲ್ಲಿನ ನಂಬರ್ ಮಾಡಿಸಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತದೆ. ಊರಿನ ಆರ್‌ಟಿಒದಿಂದ ಎನ್‌ಒಸಿ, ಇಲ್ಲಿ ಮತ್ತೆ ಟ್ಯಾಕ್ಸು, ಅಲ್ಲಿಂದ ಉಳಿದ ಟ್ಯಾಕ್ಸ್ ವಾಪಸ್ ಕೇಳುವ ಅರ್ಜಿ. ಹಳೆ ಬೈಕಿಗೆ ಇಷ್ಟು ಓಡಾಟ ದಂಡ. ಅದನ್ನು ತಮ್ಮನಿಗೆ ಬಿಟ್ಟು, ಇಲ್ಲಿ ಎಂಎಚ್-14ರ ಸೆಕೆಂಡ್ ಹ್ಯಾಂಡ್ ಬೈಕು ತೆಗೆದುಕೊಳ್ಳಿ.

ಜಾಗ ಕೊಳ್ಳುವ ಯೋಚನೆ ಬಂದಾಗ

ನಾಲ್ಕು ವರ್ಷ ಕಳೆದ ಮೇಲೆ ಎಲ್ಲರಿಗೂ ‘ಅರ್ಧ ಗುಂಟೆ, ಒಂದು ಗುಂಟೆ’ ಪ್ಲಾಟಿನ ಆಸೆ ಹುಟ್ಟುತ್ತದೆ. ಚಿಖಲಿ, ಚರ್ಹೋಲಿ ಕಡೆ ಏಜೆಂಟರು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸುತ್ತಾರೆ. 2025ರ ಮೇ ತಿಂಗಳಲ್ಲಿ ಚಿಖಲಿಯಲ್ಲಿ ಇಂದ್ರಾಯಣಿ ನದಿಯ ನೀಲಿ ಪ್ರವಾಹ ರೇಖೆಯೊಳಗೆ, ಅಂದರೆ ಮನೆ ಕಟ್ಟುವಂತಿಲ್ಲದ ನೆರೆ ಪ್ರದೇಶದಲ್ಲಿ, ಕಟ್ಟಿದ್ದ 36 ಬಂಗಲೆಗಳನ್ನು ಪಾಲಿಕೆ ಕೆಡವಿತು. ಪ್ರಕರಣ ಹಸಿರು ನ್ಯಾಯಮಂಡಳಿಯಿಂದ ಸುಪ್ರೀಂ ಕೋರ್ಟ್‌ವರೆಗೆ ಹೋಗಿತ್ತು. ಕೊಂಡವರು ದುಡ್ಡು ಕೊಟ್ಟೇ ಕೊಂಡಿದ್ದರು. ಹಾಗಾಗಿ ಸಾತ್-ಬಾರಾ, ಅಂದರೆ ಇಲ್ಲಿನ ಪಹಣಿ, ನೋಡಿದರೆ ಸಾಲದು. ಪಾಲಿಕೆಯ ಡಿಪಿ (ಅಭಿವೃದ್ಧಿ ಯೋಜನೆ) ನಕ್ಷೆಯಲ್ಲಿ ಆ ಸರ್ವೆ ನಂಬರು ವಸತಿ ವಲಯದಲ್ಲಿದೆಯಾ, ನೀಲಿ ರೇಖೆಯ ಹೊರಗಿದೆಯಾ ಅಂತ ಒಂದು ಗುರುವಾರ ಕಚೇರಿಗೇ ಹೋಗಿ ನೋಡಿ. ಫ್ಲ್ಯಾಟ್ ಆದರೆ ಕಟ್ಟಡ ಯೋಜನೆಗಳನ್ನು ನೋಂದಾಯಿಸುವ ಮಹಾರೇರಾದ ನಂಬರ್ ಹಾಕಿ ಅದರ ವೆಬ್‌ಸೈಟಿನಲ್ಲಿ ಹುಡುಕಿ. ಮನೆಯನ್ನು ಹೆಂಡತಿಯ ಹೆಸರಿಗೆ ಮಾತ್ರ ಬರೆಸಿದರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ. 1 ರಿಯಾಯಿತಿ ಇದೆ.

ಹಬ್ಬಕ್ಕೆ ಊರಿಗೆ

ದೀಪಾವಳಿಗೆ ಇಡೀ ಎಂಐಡಿಸಿಗೆ ಒಟ್ಟಿಗೇ ರಜೆ ಸಿಗುತ್ತದೆ. ಎಲ್ಲರೂ ಒಂದೇ ರಾತ್ರಿ ಹೊರಡುತ್ತಾರೆ, ಖಾಸಗಿ ಬಸ್ಸಿನ ರೇಟು ಏರುತ್ತದೆ. ರೈಲಿನ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ, ಕ್ಯಾಲೆಂಡರ್ ಮೇಲೆ ಗುರುತು ಹಾಕಿ ಬೆಳಿಗ್ಗೆ 8ಕ್ಕೇ ಕೂತುಬಿಡಿ. ಕಲಬುರಗಿ ಕಡೆಯವರಿಗೆ ಸೋಲಾಪುರ ದಾರಿಯ ರೈಲುಗಳು ಬೇಕಾದಷ್ಟಿವೆ. ಬೆಳಗಾವಿ, ಹುಬ್ಬಳ್ಳಿಯವರಿಗೆ ಮೀರಜ್ ದಾರಿ, 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ-ಪುಣೆ ವಂದೇ ಭಾರತ್ ಕೂಡ ಇದೆ. ಅದು ದಿನಾ ಓಡುವುದಿಲ್ಲ, ವಾರ ನೋಡಿಕೊಳ್ಳಿ. ಬಸ್ಸಾದರೆ ಟಿಕೆಟ್ ತೆಗೆಯುವಾಗ ಕೊನೆಯ ನಿಲ್ದಾಣ ಓದಿ. ಕರ್ನಾಟಕದ ಕೆಲವು ಸರ್ಕಾರಿ ಬಸ್ಸುಗಳು ಪಿಂಪ್ರಿಯವರೆಗೂ ಬರುತ್ತವೆ. ವಲ್ಲಭನಗರ ಎಸ್‌ಟಿ ಸ್ಟ್ಯಾಂಡಿನಲ್ಲಿ ಹತ್ತಿ ಇಳಿಯಲು ಸಿಕ್ಕರೆ ಮಕ್ಕಳು, ಗಂಟು ಮೂಟೆ ಕಟ್ಟಿಕೊಂಡು ಸ್ವಾರಗೇಟ್‌ಗೆ ಹೋಗುವ ತಾಪತ್ರಯ ತಪ್ಪುತ್ತದೆ.